ಗಾಳ ಹಾಕುವವರಿಗೆ ಗಮ್‌ಬೂಟಿನ ವಿಚಾರ



ಮಳೆಗಾಲದ ಕೆಂಪು ನೀರು ಇಳಿಯುತ್ತಿದ್ದಂತೆ ನಮ್ಮವರಲ್ಲಿ ಕೆಲವರು ಗಾಳ ಹಿಡಿದು ಕೃಷ್ಣೆಯ ದಂಡೆಗೆ ಹೊರಡುತ್ತಾರೆ. ಹರಿಪುರದ ವಾರಣಾ ಸಂಗಮ, ಮಿರಜದ ಕೃಷ್ಣಾಘಾಟ, ಕುರುಂದವಾಡ, ಆಚೆ ಉಗಾರ, ಎಲ್ಲ ಕಡೆಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಹಿಂದಿನ ಸಭೆ ಮುಗಿದ ಮೇಲೆ ಇಬ್ಬರು ಸದಸ್ಯರು "ನೀರಾಗ ನಿಲ್ಲಾಕ ಯಾವ ಬೂಟು ಛಲೋ ರೀ?" ಎಂದು ಕೇಳಿದರು. ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಉತ್ತರವಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಮೊಣಕಾಲಿನವರೆಗಿನ ಬೂಟು ಹಾಕಿಕೊಂಡು ನಿಂತಿದ್ದಾಗ ಗಾಳ ಕಸಕ್ಕೆ ಸಿಕ್ಕಿತು. ಬಿಡಿಸಿಕೊಳ್ಳಲು ಇನ್ನೆರಡೇ ಹೆಜ್ಜೆ ಎಂದು ಮುಂದೆ ಹೋದೆವು. ಬೂಟಿನ ಬಾಯಿಯಿಂದ ನೀರು ಒಳನುಗ್ಗಿತು. ಬೂಟು ತುಂಬಿದರೆ ಮನುಷ್ಯನನ್ನು ತಳಕ್ಕೆ ಎಳೆಯುತ್ತದೆ ಎಂದು ಜನ ಹೇಳುವುದುಂಟು, ಅದು ಸರಿಯಲ್ಲ. ಒಳಗಿನ ನೀರೂ ಹೊರಗಿನ ನೀರೂ ಒಂದೇ, ಹೊಳೆಯಲ್ಲಿರುವ ತನಕ ಆ ಭಾರ ಗೊತ್ತಾಗುವುದಿಲ್ಲ. ದಂಡೆ ಹತ್ತಲು ಕಾಲೆತ್ತಿದಾಗ ಗೊತ್ತಾಗುತ್ತದೆ. ಒಂದೊಂದು ಕಾಲಿಗೂ ತುಂಬಿದ ಬಕೆಟ್ ಕಟ್ಟಿದ ಹಾಗೆ, ಅಡಿಯಲ್ಲಿ ಕರಿ ಎರೆಮಣ್ಣಿನ ರಾಡಿ. ಜೊತೆಗಿದ್ದ ಅಳಿಯ ಟವೆಲ್ ಎಸೆದು ಎಳೆದುಕೊಂಡ. ಒಂದು ಬೂಟು ಅಲ್ಲಿಯೇ ಉಳಿಯಿತು.

ಅಂದಿನಿಂದ ನಾವು ಪಾಲಿಸುತ್ತಿರುವ ನಿಯಮ ಇಷ್ಟೇ: ನೀರು ಬೂಟಿನ ಅರ್ಧಕ್ಕೆ ಬಂದರೆ ನಿಲ್ಲಬೇಕು. ಮರಳು ತೆಗೆದ ಹೊಂಡಗಳು ಮೇಲಿನಿಂದ ಕಾಣುವುದಿಲ್ಲ, ಆದ್ದರಿಂದ ಒಂದು ಕೋಲಿನಿಂದ ಮುಂದಿನ ನೆಲವನ್ನು ತಡವಿಯೇ ಹೆಜ್ಜೆ ಇಡಬೇಕು. ಬೂಟು ತುಂಬಿಯೇ ಬಿಟ್ಟರೆ ಅದರ ಆಸೆ ಬಿಟ್ಟು ಕಾಲು ಹೊರಗೆಳೆದುಕೊಳ್ಳಿ. ಎದೆಯವರೆಗೆ ಬರುವ ರಬ್ಬರ್ ಪೋಷಾಕು ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸೊಂಟಕ್ಕೆ ಬಿಗಿಯಾದ ಬೆಲ್ಟ್ ಇಲ್ಲದೆ ಅದನ್ನು ಹಾಕಿಕೊಂಡು ಇಳಿಯಲೇಬಾರದು. ನಮ್ಮ ಹೊಳೆಗೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ, ಅದು ಇದ್ದರೆ ಇನ್ನಷ್ಟು ಆಳಕ್ಕೆ ಹೋಗುವ ಧೈರ್ಯ ಬರುತ್ತದೆ. ಭಿಲವಡಿ, ಔದುಂಬರ ಭಾಗದಲ್ಲಿ ಮೊಸಳೆಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಯಾವ ಬೂಟು ಹಾಕಿಯೂ ನೀರಿಗೆ ಇಳಿಯಬೇಡಿ.

ಕೊಳ್ಳುವಾಗ ಸಂಜೆ ಹೋಗಿ, ಅಷ್ಟೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಯೇ ನೋಡಬೇಕು. ಬೆರಳುಗಳನ್ನು ಮುಂದಕ್ಕೆ ಒತ್ತಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗುವಷ್ಟು ಜಾಗ ಸಾಕು. ಅದಕ್ಕಿಂತ ಸಡಿಲವಾದರೆ ರಾಡಿ ಬೂಟನ್ನು ಹಿಡಿದುಕೊಳ್ಳುತ್ತದೆ, ಕಾಲು ಮಾತ್ರ ಹೊರಬರುತ್ತದೆ. ಸೋಲಿನ ಗೆರೆಗಳು ಆಳವಾಗಿ, ದೂರದೂರ ಇರಲಿ. ಒತ್ತೊತ್ತಾಗಿದ್ದರೆ ಎರೆಮಣ್ಣು ತುಂಬಿ ಅಡಿ ನುಣ್ಣಗಾಗುತ್ತದೆ. ಘಾಟಿನ ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಾತ್ರ ಯಾವ ರಬ್ಬರೂ ನೆಚ್ಚಿಕೆಯದಲ್ಲ.

ಐಎಸ್‌ಐ ಗುರುತು ನೋಡಿ. ರಬ್ಬರ್ ಬೂಟಿಗೆ ಐಎಸ್ 5557, ಪಿವಿಸಿಯದಕ್ಕೆ ಐಎಸ್ 12254. ಪಿವಿಸಿ ಅಗ್ಗ. ರಬ್ಬರ್ ಮೆತ್ತಗಿರುತ್ತದೆ, ತೂತಾದರೆ ಸೈಕಲ್ ಪಂಕ್ಚರ್ ಅಂಗಡಿಯವನೇ ತೇಪೆ ಹಾಕಿಕೊಡುತ್ತಾನೆ. ಆ ಸಲ್ಯೂಶನ್ ಪಿವಿಸಿಗೆ ಹಿಡಿಯುವುದಿಲ್ಲ, ಅದಕ್ಕೆ ಪಿವಿಸಿಯ ಅಂಟೇ ಬೇಕು.

2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ನೀರು 57 ಅಡಿ ದಾಟಿತ್ತು. ಅಲ್ಲಿ 45 ಅಡಿಗೇ ಅಪಾಯದ ಮಟ್ಟ. ನೀರಿಳಿದ ಮೇಲೆ ಮನೆಯ ರಾಡಿ ಬಳಿಯಲು ಅನೇಕರಿಗೆ ಗಾಳದ ಬೂಟೇ ಆಸರೆಯಾಯಿತು. ಆದರೆ ಮೊಳೆ, ಗಾಜು ಬಿದ್ದ ಜಾಗಕ್ಕೆ ಸೋಲಿನೊಳಗೆ ಉಕ್ಕಿನ ತಗಡು ಇರುವ ಬೂಟೇ ಬೇಕು. ಮುಂಭಾಗದಲ್ಲಿ ಮಾತ್ರ ಉಕ್ಕು ಇದ್ದರೆ ಅದು ಮೇಲಿನಿಂದ ಬೀಳುವ ಪೆಟ್ಟಿಗಷ್ಟೇ. ನೆರೆ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರುತ್ತದೆ, ಗಾಯದ ಮೂಲಕ ಇಲಿಜ್ವರ ತಗಲುತ್ತದೆ. ಆಮೇಲಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಂಡರೆ ನೀರಿನಲ್ಲಿ ನಿಂತಿದ್ದನ್ನು ಡಾಕ್ಟರರಿಗೆ ಮರೆಯದೆ ಹೇಳಿ.

ಮನೆಗೆ ಬಂದ ಕೂಡಲೇ ಬೂಟನ್ನು ಒಳಗೂ ಹೊರಗೂ ಒಳ್ಳೆಯ ನೀರಿನಿಂದ ತೊಳೆಯಿರಿ. ಸೀಮೆಎಣ್ಣೆಯಿಂದ ಒರೆಸಿದರೆ ಹೊಳೆಯುತ್ತದೆ, ಆದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಒಳಗೆ ಹಳೆಯ ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ. ಮಡಚಿ ಇಡಬೇಡಿ. ಸೋರುತ್ತಿದೆಯೇ ಎಂದು ನೋಡಲು ಒಳಗೆ ನೀರು ತುಂಬಿ ಒಣ ನೆಲದ ಮೇಲೆ ಅರ್ಧ ತಾಸು ನಿಲ್ಲಿಸಿದರೆ ಸಾಕು. ಮತ್ತೆ ಹಾಕಿಕೊಳ್ಳುವ ಮುಂಚೆ ತಲೆಕೆಳಗು ಮಾಡಿ ಕೊಡವಿರಿ. ಚೇಳಿಗೆ ಇಂಥ ಕತ್ತಲೆ ಬಹಳ ಇಷ್ಟ.

ಸಂಘದ ಕಚೇರಿಯಲ್ಲಿ 8 ಮತ್ತು 9 ನಂಬರಿನ ಒಂದೊಂದು ಜೊತೆ ಇವೆ. ಬೇಕಾದವರು ರಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ತೊಳೆದು, ಒಣಗಿಸಿ ಮರಳಿಸಬೇಕು. ಕಳೆದ ಸಲ ಒಂದು ಜೊತೆ ರಾಡಿ ಸಮೇತ ಬಂದಿತ್ತು, ತೊಳೆದದ್ದು ನಾವೇ.