ಇರುಳ ಬಾನಿನಲ್ಲಿ ವಿಮಾನದ ದೀಪಗಳು

ವಿಮಾನವೆಂಬ ಶಬ್ದವು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ರಾಮಕಥೆಯನ್ನು ಕೇಳಿದವರೆಲ್ಲರೂ ಪುಷ್ಪಕವನ್ನು ಬಲ್ಲರು. ದೇವಾಲಯದ ಗರ್ಭಗೃಹದ ಮೇಲಣ ಕಟ್ಟಡಕ್ಕೂ ವಿಮಾನವೆಂದೇ ಹೆಸರು. ಈ ಅರ್ಥಗಳನ್ನೆಲ್ಲ ಇಪ್ಪತ್ತೈದು ವರ್ಷ ತರಗತಿಯಲ್ಲಿ ಬಿಡಿಸಿ ಹೇಳಿದ ನಾನು, ನಿತ್ಯವೂ ತಲೆಯ ಮೇಲೆ ಹಾದುಹೋಗುವ ವಿಮಾನವನ್ನು ಗುರುತಿಸಲರಿಯದೆ ಒಬ್ಬ ಬಾಲಕನ ಮುಂದೆ ತಪ್ಪು ನುಡಿದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಬೇಸಗೆಯ ಒಂದು ರಾತ್ರಿ ವಿದ್ಯಾರ್ಥಿನಿಲಯದ ಮಾಳಿಗೆಯ ಮೇಲೆ ಮಕ್ಕಳೊಡನೆ ಕುಳಿತಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬ ದೂರದ ಕೆಂಪು ಬೆಳಕೊಂದನ್ನು ತೋರಿಸಿ, "ಅದೇನು ಗುರುಗಳೇ?" ಎಂದು ಕೇಳಿದ. "ಮಂಗಳಗ್ರಹ, ತಮ್ಮಾ" ಎಂದೆ. ಕ್ಷಣಮಾತ್ರದಲ್ಲಿ ಆ ಮಂಗಳನು ಎಡಕ್ಕೆ ಸರಿಯತೊಡಗಿದ. ಮಕ್ಕಳು ನಗಲಿಲ್ಲ, ಗುರುಗಳ ಮಾತೆಂದು ನಂಬಲು ಯತ್ನಿಸಿದರು. ನನ್ನನ್ನು ನೋಯಿಸಿದ್ದು ಅದೇ. ವಿಮಾನ ನಿಲ್ದಾಣವೊಂದರಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಂದ ತರುವಾಯ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ವಿಮಾನದ ಹೊರಮೈಯ ದೀಪಗಳಲ್ಲಿ ಹೆಚ್ಚಿನವು ಚಾಲಕನಿಗೆ ದಾರಿ ತೋರುವುದಕ್ಕಾಗಿ ಇರುವವಲ್ಲ; ಅವನನ್ನು ಇತರರು ಕಾಣಲೆಂದು ಇರುವವು. ಅವುಗಳಲ್ಲಿ ಮುಖ್ಯವಾದವು ನ್ಯಾವಿಗೇಷನ್ ದೀಪಗಳು. ಎಡ ರೆಕ್ಕೆಯ ತುದಿಯಲ್ಲಿ ಕೆಂಪು, ಬಲ ರೆಕ್ಕೆಯ ತುದಿಯಲ್ಲಿ ಹಸಿರು, ಹಿಂಭಾಗದಲ್ಲಿ ಬಿಳಿ. ಹಡಗುಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ವಿಧಿಸಿದ ಕ್ರಮವೇ ವಿಮಾನಗಳಿಗೂ ಬಂದಿದೆ. ಕೆಂಪು ಮತ್ತು ಹಸಿರು ದೀಪಗಳು ಒಂದೊಂದೂ ನೇರ ಮುಂದಿನಿಂದ ತನ್ನ ಪಕ್ಕದ ಕಡೆಗೆ ೧೧೦ ಅಂಶಗಳಷ್ಟು ಕೋನದಲ್ಲಿ ಬೆಳಗುತ್ತವೆ. ಹಿಂದೆ ಉಳಿದ ೧೪೦ ಅಂಶಗಳು ಬಿಳಿಯ ದೀಪದ ಪಾಲು. ಮೂರೂ ಕೂಡಿ ೩೬೦, ವೃತ್ತ ಪೂರ್ಣವಾಯಿತು.

ಈ ಹಂಚಿಕೆಯೇ ಗುರುತಿಸುವಿಕೆಯ ಕೀಲಿಕೈ. ಕೆಂಪು ಮಾತ್ರ ಕಂಡರೆ ವಿಮಾನದ ಎಡಮಗ್ಗುಲು ನಮ್ಮತ್ತ ಇದೆ. ಅದು ನಮ್ಮ ಎಡಕ್ಕೆ ಸಾಗುತ್ತಿದೆ. ಹಸಿರು ಮಾತ್ರ ಕಂಡರೆ ನಮ್ಮ ಬಲಕ್ಕೆ. ಬಿಳಿ ಮಾತ್ರ ಕಂಡರೆ ನಮ್ಮಿಂದ ದೂರ ಹೋಗುತ್ತಿದೆ. ಕೆಂಪು ಹಸಿರುಗಳೆರಡೂ ಕಂಡರೆ ನಮ್ಮ ಕಡೆಗೇ ಬರುತ್ತಿದೆ. ಆಗ ಕೆಂಪು ನಮ್ಮ ಬಲಗಡೆ ತೋರುವುದು. ಎದುರು ನಿಂತ ವಿದ್ಯಾರ್ಥಿಯ ಎಡಗೈ ಅಧ್ಯಾಪಕನ ಬಲಕ್ಕಿರುವಂತೆಯೇ ಇದು.

ಬಣ್ಣಗಳ ಈ ಆಯ್ಕೆಯಲ್ಲಿ ಒಂದು ಔಚಿತ್ಯವನ್ನು ಕಾಣಬಹುದು. ಒಂದೇ ಎತ್ತರದಲ್ಲಿ ಎರಡು ವಿಮಾನಗಳ ದಾರಿಗಳು ಅಡ್ಡವಾಗಿ ಕೂಡುವಂತಿದ್ದರೆ, ಯಾರ ಬಲಗಡೆ ಇನ್ನೊಂದು ವಿಮಾನವಿದೆಯೋ ಅವರು ದಾರಿ ಬಿಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ದಾರಿ ಬಿಡಬೇಕಾದವನಿಗೆ ಕಾಣುವುದು ಮತ್ತೊಬ್ಬನ ಎಡರೆಕ್ಕೆಯ ಕೆಂಪು. ಮುಂದುವರಿಯಬಹುದಾದವನಿಗೆ ಕಾಣುವುದು ಹಸಿರು.

ಆದರೆ ಕಾಣದ ದೀಪದಿಂದ ರಕ್ಷಣೆಯಿಲ್ಲ. ೧೯೯೬ರ ನವೆಂಬರ್ ೧೨ರ ಸಂಜೆ ಹರಿಯಾಣದ ಚರಖಿ ದಾದ್ರಿಯ ಮೇಲೆ ಸೌದಿ ಅರೇಬಿಯದ ಬೋಯಿಂಗ್ ೭೪೭ ವಿಮಾನವೂ ಕಜಕಸ್ತಾನದ ಇಲ್ಯೂಷಿನ್ ವಿಮಾನವೂ ಮೋಡದ ನಡುವೆ ಡಿಕ್ಕಿ ಹೊಡೆದು ೩೪೯ ಜನ ಮಡಿದರು. ತನಗೆ ಗೊತ್ತುಪಡಿಸಿದ ಎತ್ತರಕ್ಕಿಂತ ಒಂದು ವಿಮಾನವು ಕೆಳಗಿಳಿದಿತ್ತು. ಆ ದುರಂತದ ಬಳಿಕ, ಸಮೀಪಿಸುವ ವಿಮಾನವನ್ನು ರೇಡಿಯೋ ಸಂಕೇತದಿಂದ ಅರಿತು ಚಾಲಕನನ್ನು ಎಚ್ಚರಿಸುವ ಯಂತ್ರವನ್ನು ಭಾರತದಲ್ಲಿ ಕಡ್ಡಾಯಗೊಳಿಸಲಾಯಿತು.

ಮಿನುಗುವ ದೀಪಗಳು ಬೇರೆ. ಒಡಲಿನ ಮೇಲೂ ಕೆಳಗೂ ಮಿನುಗುವ ಕೆಂಪು ದೀಪಕ್ಕೆ ಬೀಕನ್ ಎಂದು ಹೆಸರು. ಎಂಜಿನ್ ಚಾಲೂ ಆಗುವ ಮುನ್ನವೇ ಅದನ್ನು ಹಾಕುವುದು ವಾಡಿಕೆ. ರೆಕ್ಕೆಯ ತುದಿಗಳಲ್ಲಿ ಮಿಂಚಿನಂತೆ ಹೊಳೆಯುವ ಬಿಳಿಯ ದೀಪ ಸ್ಟ್ರೋಬ್. ಏರ್‌ಬಸ್ ಎ-೩೨೦ ವಿಮಾನಗಳ ಸ್ಟ್ರೋಬ್ ಸಾಮಾನ್ಯವಾಗಿ ಎರಡೆರಡು ಬಾರಿ ಒಡನೊಡನೆ ಮಿಂಚುತ್ತದೆ, ಬೋಯಿಂಗ್ ೭೩೭ರದು ಒಂದೊಂದೇ ಬಾರಿ. ಹೊಸ ಬಗೆಯ ದೀಪಗಳು ಬಂದಿರುವುದರಿಂದ ಇದನ್ನು ಸೂಚನೆಯೆಂದು ಕೊಳ್ಳಬೇಕೇ ಹೊರತು ಸಿದ್ಧಾಂತವೆಂದಲ್ಲ. ಸುಮಾರು ೧೦,೦೦೦ ಅಡಿಗಳಿಗಿಂತ ಕೆಳಗೆ ಹಾರುವಾಗ ಪ್ರಖರವಾದ ಲ್ಯಾಂಡಿಂಗ್ ದೀಪಗಳನ್ನೂ ಉರಿಸುತ್ತಾರೆ. ನೇರವಾಗಿ ನಮ್ಮತ್ತ ಬರುವ ವಿಮಾನದ ಈ ಬೆಳಕು ಕೆಲವು ನಿಮಿಷ ಅಲುಗದೆ ನಿಂತ ನಕ್ಷತ್ರದಂತೆಯೇ ತೋರುತ್ತದೆ.

ಸದ್ದನ್ನು ನಂಬಿ ವಿಮಾನವನ್ನು ಹುಡುಕುವವರು ಮೋಸಹೋಗುತ್ತಾರೆ. ಹತ್ತು ಕಿಲೋಮೀಟರ್ ಎತ್ತರದಿಂದ ಸದ್ದು ನಮ್ಮನ್ನು ಮುಟ್ಟಲು ಸುಮಾರು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ವಿಮಾನವು ಏಳು ಕಿಲೋಮೀಟರಿನಷ್ಟು ಮುಂದೆ ಹೋಗಿರುತ್ತದೆ. ಆದುದರಿಂದ ಸದ್ದು ಬಂದೆಡೆಗಿಂತ ಮುಂದೆ ನೋಡಬೇಕು. ಮಿನುಗದೆ, ಬಣ್ಣವಿಲ್ಲದೆ, ಸದ್ದಿಲ್ಲದೆ ಒಂದೇ ವೇಗದಲ್ಲಿ ಸಾಗಿ ನಡುಬಾನಿನಲ್ಲೇ ಮರೆಯಾಗುವುದು ಭೂಮಿಯ ನೆರಳನ್ನು ಹೊಕ್ಕ ಕೃತಕ ಉಪಗ್ರಹ. ಗ್ರಹಗಳಾದರೋ ನಕ್ಷತ್ರಗಳೊಡನೆ ಮೆಲ್ಲಮೆಲ್ಲನೆ ಪಶ್ಚಿಮಕ್ಕೆ ಇಳಿಯುತ್ತವೆ.

ವಿಮಾನವನ್ನು ಗ್ರಹವೆಂದು ಭ್ರಮಿಸಿದವನು ನಾನು. ಗ್ರಹವನ್ನು ವಿಮಾನವೆಂದು ಶಂಕಿಸಿದವರೂ ಉಂಟು. ೨೦೧೨-೧೩ರಲ್ಲಿ ಲಡಾಖಿನ ಗಡಿಯಲ್ಲಿ ರಾತ್ರಿ ಕಾಣುತ್ತಿದ್ದ ಬೆಳಕುಗಳನ್ನು ಚೀನಾದ ಗೂಢಚಾರ ಡ್ರೋನುಗಳಿರಬಹುದೆಂದು ನಮ್ಮ ಸೈನಿಕರು ಶಂಕಿಸಿದರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಸಿದರು. ಕಾವಲಿನವರು ಶಂಕಿಸಿದ್ದು ತಪ್ಪಲ್ಲ. ಶಂಕೆಯನ್ನು ಬಲ್ಲವರ ಮುಂದಿಟ್ಟು ನಿರ್ಣಯ ಪಡೆದುದು ವಿವೇಕ.

ಇಷ್ಟನ್ನು ತಿಳಿದ ಮೇಲೆ ನಾನು ಅದೇ ಹುಡುಗನನ್ನು ತರಗತಿಯಲ್ಲಿ ಎಲ್ಲರೆದುರು ನಿಲ್ಲಿಸಿ, "ನಾನು ಮಂಗಳನೆಂದದ್ದು ವಿಮಾನವೊಂದರ ಎಡರೆಕ್ಕೆಯ ದೀಪ, ತಮ್ಮಾ" ಎಂದು ತಿದ್ದಿ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ಮಂಗಳ ಎಲ್ಲಿತ್ತು ಗುರುಗಳೇ?" ಎಂದು ಕೇಳಿದ. ಈ ಬಾರಿ ನಾನು ಅವಸರಪಡಲಿಲ್ಲ. "ಇಂದು ರಾತ್ರಿ ಇಬ್ಬರೂ ಹುಡುಕೋಣ" ಎಂದೆ.