ಆಕಾಶದ ಲೆಕ್ಕದಲ್ಲಿ ತಾಳೆಯಾಗದ 701

1947ರ ಜೂನ್ 24. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಪರ್ವತದ ಬಳಿ ಕೆನೆತ್ ಆರ್ನಾಲ್ಡ್ ಎಂಬುವರು ತಮ್ಮ ಪುಟ್ಟ ವಿಮಾನದಲ್ಲಿ ಹಾರುತ್ತಿದ್ದರು. ಆಗ ಹೊಳೆಯುವ ಒಂಬತ್ತು ವಸ್ತುಗಳು ಸಾಲಾಗಿ ಭರ್ರನೆ ಸಾಗಿದ್ದನ್ನು ಕಂಡರು. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುತ್ತಾ ಹೋಗುತ್ತದಲ್ಲ, ಹಾಗೆ ಹೋದವು ಎಂದರು. ಅವರು ಹೇಳಿದ್ದು ಹಾರುವ ರೀತಿಯನ್ನು. ಪತ್ರಿಕೆಗಳು ‘ಹಾರುವ ತಟ್ಟೆ’ ಎಂದೇ ಅಚ್ಚು ಹಾಕಿದವು. ಆಮೇಲೆ ಊರೂರಲ್ಲೂ ಜನರಿಗೆ ತಟ್ಟೆಗಳು ಕಾಣತೊಡಗಿದವು!

ಅದು ಅಮೆರಿಕ ಮತ್ತು ಸೋವಿಯತ್ ರಷ್ಯಾ ನಡುವೆ ಶೀತಲ ಸಮರ ಶುರುವಾಗಿದ್ದ ಕಾಲ. ಶತ್ರುವಿನ ಹೊಸ ವಿಮಾನವೇನಾದರೂ ಆಗಿದ್ದರೆ ಎಂಬ ಚಿಂತೆಯಿಂದ ವಾಯುಪಡೆಯೇ ತನಿಖೆಗೆ ಇಳಿಯಿತು. 1952ರಲ್ಲಿ ಆ ಕೆಲಸಕ್ಕೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಎಂಬ ಹೆಸರು ಬಂತು. ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್ ಸಲಹೆಗಾರರಾಗಿದ್ದರು. ಹೆಚ್ಚಿನ ದೂರುಗಳ ಗುಟ್ಟು ಬೇಗ ಬಯಲಾಗುತ್ತಿತ್ತು: ಶುಕ್ರಗ್ರಹ, ಉಲ್ಕೆ, ಹವಾಮಾನದ ಬಲೂನು, ವಿಮಾನದ ದೀಪ.

1966ರಲ್ಲಿ ಮಿಷಿಗನ್‌ನಲ್ಲಿ ಹಲವರು ವಿಚಿತ್ರ ಬೆಳಕು ಕಂಡರು. ಜೌಗು ನೆಲದಲ್ಲಿ ಸೊಪ್ಪುಸದೆ ಕೊಳೆತು ಹುಟ್ಟುವ ಅನಿಲ ಉರಿದಿರಬಹುದು ಎಂದರು ಹೈನೆಕ್. ಜನರಿಗೆ ಸಿಟ್ಟು ಬಂತು. ಕಂಡದ್ದನ್ನು ಕಂಡಂತೆ ಹೇಳಿದವರು ನಗೆಪಾಟಲಾದರಲ್ಲ! ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಆಗ ಆ ರಾಜ್ಯದ ಸಂಸದರು. ಸಂಸತ್ತೇ ವಿಚಾರಣೆ ನಡೆಸಲಿ ಎಂದು ಅವರು ಒತ್ತಾಯಿಸಿದರು.

1969ರ ಡಿಸೆಂಬರ್‌ನಲ್ಲಿ ಬ್ಲೂ ಬುಕ್ ಮುಚ್ಚಿತು. ಒಟ್ಟು ವರದಿಗಳು 12,618. ಅವುಗಳಲ್ಲಿ ಏನೆಂದು ತಿಳಿಯದೆ ಉಳಿದವು 701. ಮಕ್ಕಳೇ, ಶೇಕಡಾ ಎಷ್ಟಾಯಿತು, ಲೆಕ್ಕ ಹಾಕಿ. ಸುಮಾರು ಐದೂವರೆ.

ಹಾಗಾದರೆ ಆ 701 ಬೇರೆ ಲೋಕದ ವಾಹನಗಳೇ? ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ‘ಸಸ್ಪೆನ್ಸ್ ಅಕೌಂಟ್’ ಗೊತ್ತು. ಯಾರದೆಂದು ತಿಳಿಯದ ಹಣವನ್ನು ಅದರಲ್ಲಿ ಇಡುತ್ತೇವೆ. ಅದನ್ನು ಬ್ಯಾಂಕಿನ ಲಾಭಕ್ಕೆ ಸೇರಿಸುವ ಹಾಗಿಲ್ಲ, ತಾಳೆಯಾಗಲಿಲ್ಲವೆಂದು ಅಳಿಸಿಹಾಕುವ ಹಾಗೂ ಇಲ್ಲ. ದಾಖಲೆ ಸಿಗುವವರೆಗೆ ಕಾಯಬೇಕು. ‘ಗೊತ್ತಿಲ್ಲ’ ಎಂಬುದೂ ಒಂದು ಪ್ರಾಮಾಣಿಕ ನಮೂದು.

2023ರಲ್ಲಿ ನಾಸಾ ನೇಮಿಸಿದ್ದ ತಜ್ಞರ ತಂಡ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಇವು ಅನ್ಯಲೋಕದಿಂದ ಬಂದವು ಎನ್ನಲು ಪುರಾವೆಯಿಲ್ಲ, ಮೊದಲು ಒಳ್ಳೆಯ ಮಾಹಿತಿ ಬೇಕು.

ಮುಸ್ಸಂಜೆ ತಾರಸಿಯ ಮೇಲೆ ವಿಚಿತ್ರ ಬೆಳಕು ಕಂಡರೆ ಗಂಟೆ, ದಿಕ್ಕು, ಎಷ್ಟು ಹೊತ್ತು ಕಂಡಿತು, ಮಿನುಗಿತೇ ಎಂದು ಬರೆದಿಡಿ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಓಡಿಬಂದು ಹೇಳಿದಾಗ ನಗಬೇಡಿ. ಜೊತೆಗೆ ಹೋಗಿ ನೋಡಿ. ಪಶ್ಚಿಮದಲ್ಲಿ ಅಲುಗದೆ ಹೊಳೆಯುತ್ತಿದ್ದರೆ ಅದು ಶುಕ್ರನೇ ಇರಬಹುದು.