ತೊಟ್ಟಿಲ ಬಳಿ ಇರುವ ತಂದೆಗೆ ಕೆಲವು ಮಾತುಗಳು



ಕರು ಹಾಕುವ ಹಸುವಿನ ಮುಂದೆ ರಾತ್ರಿಯೆಲ್ಲ ಲಾಟೀನು ಹಿಡಿದು ಕುಳಿತವರು ನಾವು. ಹುಟ್ಟಿದ ಗಂಟೆಯೊಳಗೆ ಕರುವಿಗೆ ಗಿಣ್ಣುಹಾಲು ಕುಡಿಸಬೇಕು, ಅದಕ್ಕೆ ಯಾವಾಗ ಜಂತುಹುಳುವಿನ ಔಷಧಿ ಹಾಕಬೇಕು ಎಂಬುದನ್ನು ಯಾರು ಕೇಳಿದರೂ ತಡವರಿಸದೆ ಹೇಳುತ್ತೇವೆ. ಆದರೆ ನಿಮ್ಮ ಎಂಟು ತಿಂಗಳ ಮಗು ದಿನಕ್ಕೆ ಎಷ್ಟು ಸಲ ಉಣ್ಣುತ್ತದೆ, ಎಷ್ಟು ಹೊತ್ತು ಮಲಗುತ್ತದೆ, ಮುಂದಿನ ಲಸಿಕೆ ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಡಬಲ್ಲರು? ನನ್ನ ಮಗಳು ಆರು ತಿಂಗಳ ಕೂಸಾಗಿದ್ದಾಗ ನನಗೂ ಗೊತ್ತಿರಲಿಲ್ಲ. ಅನಂತರ ಒಂದು ವರ್ಷ ಅವಳನ್ನು ಹಗಲೆಲ್ಲ ನೋಡಿಕೊಂಡು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಈಗ ಹಳ್ಳಿಗಳಲ್ಲಿಯೂ ಅನೇಕ ಹೆಣ್ಣುಮಕ್ಕಳು ಶಾಲೆ, ಆಸ್ಪತ್ರೆ, ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಿಗುವ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಅಂದರೆ ಸುಮಾರು ಆರು ತಿಂಗಳು. ಅದು ಮುಗಿದ ಮೇಲೆ? ಕೇಂದ್ರ ಸರ್ಕಾರದ ಪುರುಷ ನೌಕರನಿಗೆ ಮಗುವಾದಾಗ 15 ದಿನಗಳ ರಜೆ ಉಂಟು. ರೈತನಿಗೆ ರಜೆ ಮಂಜೂರು ಮಾಡುವವರು ಯಾರೂ ಇಲ್ಲ. ಅವನು ತನಗೆ ತಾನೇ ಕೊಟ್ಟುಕೊಳ್ಳಬೇಕು.

ನಮ್ಮದು ತುಮಕೂರು ಸೀಮೆಯ ಮೂರು ಎಕರೆ ಜಮೀನು. ಒಂದು ಎಕರೆ ತೆಂಗು, ಉಳಿದದ್ದರಲ್ಲಿ ರಾಗಿ ಮತ್ತು ತರಕಾರಿ, ಕೊಟ್ಟಿಗೆಯಲ್ಲಿ ಎರಡು ಹಸು. ನಮ್ಮಾಕೆ ಪೇಟೆಯ ಶಾಲೆಯಲ್ಲಿ ಉಪಾಧ್ಯಾಯಿನಿ. ನನ್ನ ತಾಯಿಗೆ ಮಂಡಿನೋವು. ಕುಳಿತು ತೊಟ್ಟಿಲು ತೂಗಬಲ್ಲರೇ ಹೊರತು ಮಗುವನ್ನು ಎತ್ತಿಕೊಂಡು ಓಡಾಡಲಾರರು. ಮನೆಗೆ ತಿಂಗಳು ತಿಂಗಳು ತಪ್ಪದೆ ಬರುವ ದುಡ್ಡು ಸಂಬಳದ್ದೇ. ಆದ್ದರಿಂದ ಕೆಲಸ ಬಿಡಬೇಕಾದವಳು ಆಕೆಯಲ್ಲ ಎಂದು ಇಬ್ಬರೂ ಕುಳಿತು ತೀರ್ಮಾನಿಸಿದೆವು.

ದಿನದ ಲೆಕ್ಕ

ಮೊದಲು ದಿನಚರಿ ಕೇಳಿ. ಬೆಳಿಗ್ಗೆ 5ಕ್ಕೆ ಎದ್ದು ಕೊಟ್ಟಿಗೆ ಕಸ ಗುಡಿಸಿ, ಹಾಲು ಕರೆದು, 6ಕ್ಕೆ ಡೇರಿಗೆ ಹಾಕುವುದು. ಅಲ್ಲಿಂದ ಹೊಲಕ್ಕೆ ಹೋಗಿ 8ಕ್ಕೆ ಮನೆಗೆ ವಾಪಸ್ಸು. ಅಷ್ಟರಲ್ಲಿ ಆಕೆ ಮಗುವಿಗೆ ಹಾಲುಣಿಸಿ, ಅಡಿಗೆ ಮುಗಿಸಿ, ಮಧ್ಯಾಹ್ನಕ್ಕೆ ಬೇಕಾದ ಎದೆಹಾಲನ್ನು ಹಿಂಡಿ ಇಟ್ಟಿರುತ್ತಾಳೆ. 8.15ಕ್ಕೆ ಬಸ್ಸು. ಅಲ್ಲಿಂದ ಸಂಜೆ 5.15ರವರೆಗೆ ಮಗು ನನ್ನದು. 9ಕ್ಕೆ ರಾಗಿ ಸರಿ, 10ಕ್ಕೆ ಸ್ನಾನ, ಆಮೇಲೆ ಒಂದು ನಿದ್ದೆ. ಎದ್ದ ಮೇಲೆ ಎದೆಹಾಲು, 1.30ಕ್ಕೆ ಮೆತ್ತಗೆ ಕಿವುಚಿದ ಅನ್ನ ಬೇಳೆ, ಮತ್ತೊಂದು ನಿದ್ದೆ, 4ಕ್ಕೆ ತೆಂಗಿನ ನೆರಳಿನಲ್ಲಿ ಸುತ್ತಾಟ. ಆಕೆ ಬಂದು ಮಗುವನ್ನು ಎತ್ತಿಕೊಂಡ ಮೇಲೆ ನಾನು ಮತ್ತೆ ಹೊಲ, ಕೊಟ್ಟಿಗೆ.

4 ರಿಂದ 11 ತಿಂಗಳ ಮಗುವಿಗೆ ದಿನಕ್ಕೆ 12 ರಿಂದ 16 ಗಂಟೆ ನಿದ್ದೆ ಬೇಕು. ಇದನ್ನು ಕೇಳಿ, ‘ಅಷ್ಟು ಹೊತ್ತು ಮಲಗುವುದಾದರೆ ನಮ್ಮ ಕೆಲಸ ಆದ ಹಾಗೆಯೇ’ ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡಿದ್ದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ರಾತ್ರಿಯದು. ಹಗಲಿನ ನಿದ್ದೆಯ ಹೊತ್ತು ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಮುಂದಿನ ಊಟದ ಸಿದ್ಧತೆ ಇವುಗಳಿಗೇ ಸರಿಹೋಗುತ್ತದೆ. ಹೊಲಕ್ಕೆ ಉಳಿಯುವುದು ಬೆಳಿಗ್ಗೆ ಎರಡು ಗಂಟೆ, ಸಂಜೆ ಸುಮಾರು ಎರಡು ಗಂಟೆ, ಒಟ್ಟು ನಾಲ್ಕು. ಈ ಲೆಕ್ಕವನ್ನು ಮೊದಲೇ ಹಾಕದೆ ಇದ್ದದ್ದು ನನ್ನ ದೊಡ್ಡ ತಪ್ಪು.

ಒಂದು ಮಧ್ಯಾಹ್ನ ನಡೆದದ್ದು

ಆ ಸಾಲಿನಲ್ಲಿ ಅರ್ಧ ಎಕರೆಗೆ ಟೊಮೆಟೊ ಹಾಕಿದ್ದೆ. ಗಿಡ ಹೂವು ಕಚ್ಚುವ ಹೊತ್ತು. ತಾಯಿ ನನ್ನ ಅಕ್ಕನ ಊರಿಗೆ ಹೋಗಿದ್ದರು. ಮಗಳಿಗೆ ಆಗ ಏಳು ತಿಂಗಳು. ಅವಳನ್ನು ಮಂಚದ ಮೇಲೆ ಮಲಗಿಸಿ, ಎರಡು ಕಡೆ ದಿಂಬು ಒಡ್ಡಿ ಕುಳಿತಿದ್ದೆ. ಆಗ ತ್ರೀ ಫೇಸ್ ಕರೆಂಟು ಬಂತು. ವಾಲ್ವು ತಿರುಗಿಸಿ ಹತ್ತು ನಿಮಿಷದಲ್ಲಿ ಬಂದುಬಿಡುತ್ತೇನೆ ಎಂದು ಹೊರಟೆ. ಪೈಪು ಬಿಟ್ಟುಕೊಂಡಿತ್ತು. ಅದನ್ನು ಸರಿಪಡಿಸಿ ಬರುವಷ್ಟರಲ್ಲಿ ಅರ್ಧ ಗಂಟೆಗೂ ಹೆಚ್ಚಾಗಿತ್ತು.

ಅಂಗಳಕ್ಕೆ ಬಂದಾಗಲೇ ಅಳು ಕೇಳಿಸಿತು. ಅತ್ತು ಅತ್ತು ಗಂಟಲು ಕಟ್ಟಿದ ಅಳು. ಮಗು ಉರುಳಿ ನೆಲಕ್ಕೆ ಬಿದ್ದಿತ್ತು. ಹಣೆಯ ಮೇಲೆ ಬುಗುಟು. ಅದು ಬಿದ್ದ ಜಾಗಕ್ಕೂ ನಾನು ಗೋಡೆಗೆ ಒರಗಿಸಿದ್ದ ಹುಲ್ಲು ಕೊಯ್ಯುವ ಕುಡುಗೋಲಿಗೂ ಒಂದು ಮೊಳದ ಅಂತರ. ಡಾಕ್ಟರ ಬಳಿಗೆ ಓಡಿದೆ. ಅಪಾಯವೇನೂ ಇಲ್ಲ, ಒಂದು ದಿನ ಕಣ್ಣಿಟ್ಟು ನೋಡಿ, ವಾಂತಿಯಾದರೆ ಅಥವಾ ಮಂಕಾದರೆ ತಕ್ಷಣ ಕರೆತನ್ನಿ ಎಂದರು.

ಸಂಜೆ ಆಕೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಏನೂ ಮಾತಾಡಲಿಲ್ಲ. ಮರುದಿನ ಬಸ್ಸಿನ ಹೊತ್ತಾದರೂ ಹೊರಡಲಿಲ್ಲ. ‘ಕೆಲಸ ಬಿಟ್ಟುಬಿಡುತ್ತೇನೆ’ ಎಂದಳು. ಬೇಡ ಎನ್ನಲು ನನಗೆ ಯಾವ ಮುಖವಿತ್ತು? ‘ಟೊಮೆಟೊ ಬಿಡುತ್ತೇನೆ, ನೀನು ಕೆಲಸ ಬಿಡಬೇಡ’ ಎಂದೆ. ಅದೇ ವಾರ ಟೊಮೆಟೊ ತೋಟವನ್ನು ಪಕ್ಕದ ಜಮೀನಿನವರಿಗೆ ವಾರಕ್ಕೆ ಬಿಟ್ಟುಕೊಟ್ಟೆ. ಆ ಸಲ ಬೆಲೆಯೂ ಚೆನ್ನಾಗಿತ್ತು. ಬಂದದ್ದರಲ್ಲಿ ಅರ್ಧ ಅವರ ಪಾಲಾಯಿತು. ನಷ್ಟವಾಯಿತೆಂದು ಒಪ್ಪುತ್ತೇನೆ. ಆದರೆ ಅಲ್ಲಿಂದ ಮುಂದೆ ಮಗುವನ್ನು ಬೇಸಾಯದ ಬಿಡುವಿಗೆ ಹೊಂದಿಸಲು ಹೋಗಲಿಲ್ಲ. ಬೇಸಾಯವನ್ನೇ ಮಗುವಿನ ಬಿಡುವಿಗೆ ಹೊಂದಿಸಿದೆ. ಈ ಲೇಖನದಲ್ಲಿ ನೀವು ನೆನಪಿಡಬೇಕಾದದ್ದು ಇದೊಂದೇ ಮಾತು.

ಬೇಸಾಯದಲ್ಲಿ ಮಾಡಬೇಕಾದ ಬದಲಾವಣೆ

ಮಗು ಕೈಯಲ್ಲಿರುವ ವರ್ಷ, ಹೊತ್ತಿಗೆ ಸರಿಯಾಗಿ ಆಳು ಬೇಡುವ ಬೆಳೆ ಬೇಡ. ಟೊಮೆಟೊಗೆ ಕೋಲು ಕಟ್ಟುವುದು, ಔಷಧಿ ಹೊಡೆಯುವುದು, ದಿನ ಬಿಟ್ಟು ದಿನ ಕೀಳುವುದು ಯಾವುದೂ ಕಾಯುವುದಿಲ್ಲ. ರೇಷ್ಮೆ ಹುಳುವಿನ ವಿಷಯವೂ ಹಾಗೆಯೇ. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಐದನೆಯ ಹಂತದ ಒಂದು ವಾರದಲ್ಲಿಯೇ ಖರ್ಚಾಗುತ್ತದೆ. ಆ ವಾರ ಹುಳುಮನೆ ಬಿಟ್ಟು ಕದಲುವಂತಿಲ್ಲ. ಮಗುವೂ ಒಂದು ವಾರ ಕಾಯುವುದಿಲ್ಲ. ಇದಕ್ಕೆ ಬದಲು ರಾಗಿ, ಅದರ ಸಾಲಿನಲ್ಲಿ ಅವರೆ ಅಥವಾ ತೊಗರಿ, ಬದುವಿನಲ್ಲಿ ಹಸುಗಳಿಗೆ ನೇಪಿಯರ್ ಹುಲ್ಲು ಇವು ನಾಲ್ಕು ಗಂಟೆಯ ಲೆಕ್ಕಕ್ಕೆ ಒಗ್ಗುತ್ತವೆ. ತೆಂಗಿಗೆ ಹನಿ ನೀರಾವರಿ, ಮೋಟಾರಿಗೆ ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದಾಗ ಓಡಬೇಕಾಗಿಲ್ಲ. ನಾಟಿ, ಕಳೆ, ಕೊಯ್ಲಿನ ದಿನಗಳನ್ನು ಆದಷ್ಟು ಶಾಲೆಯ ರಜೆಗೆ ಹೊಂದಿಸಿಕೊಳ್ಳಿ, ಇಲ್ಲವೆ ಮುಯ್ಯಾಳು ಮಾಡಿಕೊಳ್ಳಿ.

ಮಗುವಿನ ಊಟ

ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ತಾಯಿಯ ರಜೆ ಮುಗಿಯುವುದೂ, ಮೇಲಾಹಾರ ಪ್ರಾರಂಭವಾಗುವುದೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಹೀಗಾಗಿ ಮೊದಲ ತುತ್ತು ತಿನ್ನಿಸುವ ಭಾಗ್ಯ ತಂದೆಗೇ ಬರುತ್ತದೆ. ಎದೆಹಾಲನ್ನು ಎರಡು ವರ್ಷ ತುಂಬುವವರೆಗೂ ಮುಂದುವರಿಸಬೇಕು.

ಹಿಂಡಿದ ಎದೆಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಕೆಡದೆ ಇರುತ್ತದೆ. ಬೇಸಿಗೆಯಲ್ಲಿ ಅದನ್ನು ನಂಬಬೇಡಿ, ಫ್ರಿಜ್ಜಿನಲ್ಲಿಡಿ. ಕುಡಿಸುವಾಗ ಒಲೆಯ ಮೇಲೆ ಕಾಯಿಸದೆ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಸೀಸೆ ಬೇಡ. ನಮ್ಮ ಹಿರಿಯರ ಒಳಲೆಯೇ ತೊಳೆಯಲು ಸುಲಭ. ಕೊಟ್ಟಿಗೆಯಲ್ಲಿ ಕೊಡಗಟ್ಟಲೆ ಹಾಲಿದೆ ಎಂದು ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲು ಹಸುವಿನ ಹಾಲು ಕುಡಿಸಬೇಡಿ. ಅದರಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ; ಮಗುವಿಗೆ ರಕ್ತಹೀನತೆ ಬರಬಹುದು. ಒಂದು ವರ್ಷದವರೆಗೆ ಜೇನುತುಪ್ಪವನ್ನೂ ನೆಕ್ಕಿಸಬಾರದು.

ರಾಗಿ ಸರಿ ಹಿಟ್ಟನ್ನು ಗಂಡಸರೂ ಮಾಡಬಹುದು. ನನಗೆ ಕಲಿಸಿದವರು ನನ್ನ ತಾಯಿ.

1. ಕಲ್ಲು, ಮಣ್ಣು ಆರಿಸಿ ತೊಳೆದ ರಾಗಿಯನ್ನು ಒಂದು ರಾತ್ರಿ ನೆನೆಹಾಕಿ.
2. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನಗಳಲ್ಲಿ ಮೊಳಕೆ ಬರುತ್ತದೆ. ಬೂಷ್ಟು ಹಿಡಿದರೆ ಅಥವಾ ವಾಸನೆ ಬಂದರೆ ಚೆಲ್ಲಿಬಿಡಿ.
3. ಚೆನ್ನಾಗಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ.
4. ಹಿಟ್ಟು ಮಾಡಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಗಾಳಿಯಾಡದ ಡಬ್ಬಿಯಲ್ಲಿಡಿ.
5. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಲೆಯ ಮೇಲಿಟ್ಟು ತಿರುವುತ್ತ ಚೆನ್ನಾಗಿ ಬೇಯಿಸಿ.

ಮೊಳಕೆ ಯಾಕೆ ಎಂದು ಕೇಳಬಹುದು. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮಗುವಿನ ಚಿಕ್ಕ ಹೊಟ್ಟೆಗೆ ಹೆಚ್ಚು ಸತ್ವ ಹೋಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ಇಂಥ ಶಿಶು ಆಹಾರವನ್ನು ರೂಪಿಸಿದ್ದಾರೆ. ರಾಗಿ ಒಗ್ಗಿದ ಮೇಲೆ ಎರಡು ಪಾಲು ರಾಗಿಗೆ ಒಂದು ಪಾಲು ಹೆಸರುಕಾಳನ್ನು ನೀವೂ ಹೀಗೆಯೇ ಮೊಳಕೆ ಬರಿಸಿ ಸೇರಿಸಬಹುದು.

ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ ಕೊಡಿ. ಒಂಬತ್ತು ತಿಂಗಳ ನಂತರ ಅರ್ಧ ಬಟ್ಟಲಿನಂತೆ ಮೂರು ನಾಲ್ಕು ಸಲ. ಸರಿ ಚಮಚದಿಂದ ನೀರಿನಂತೆ ಸುರಿಯಬಾರದು. ರಾಗಿ ಒಂದರಿಂದಲೇ ಎಲ್ಲವೂ ಸಿಗುವುದಿಲ್ಲ. ಬೇಳೆ, ಸೊಪ್ಪು, ಹಣ್ಣು, ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಇವನ್ನು ಒಂದೊಂದಾಗಿ ರೂಢಿಸಿ. ಮಗು ಮುಖ ತಿರುಗಿಸಿದರೆ ಬಾಯಿಗೆ ತುರುಕಬೇಡಿ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವು ಗದ್ದೆಗೆ ಹೇಳುತ್ತೇವೆ. ಮಗುವಿಗೆ ಉಣ್ಣಿಸುವಾಗ ಕೈ, ಅಂಗಿ, ಗೋಡೆ ಎಲ್ಲವೂ ಕೆಸರೇ.

ರೈತನ ಮನೆಯಲ್ಲಿ ವಿಶೇಷ ಎಚ್ಚರ

1. ಔಷಧಿ ಹೊಡೆದು ಬಂದ ಮೇಲೆ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬದಲಾಯಿಸದೆ ಮಗುವನ್ನು ಮುಟ್ಟಬೇಡಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಡನೆ ಒಗೆಯಬೇಡಿ.
2. ಕೀಟನಾಶಕ, ಸೀಮೆಎಣ್ಣೆ, ಬೀಜೋಪಚಾರದ ಪುಡಿಗಳನ್ನು ಬೀಗ ಹಾಕಿದ ಕಡೆ ಇಡಿ. ಕುಡಿಯುವ ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ.
3. ಬಕೆಟ್ಟಿನಲ್ಲಿ ಗೇಣುದ್ದ ನೀರಿದ್ದರೂ ಅಂಬೆಗಾಲಿಡುವ ಮಗು ಮುಳುಗಬಹುದು. ತೊಟ್ಟಿ, ಸಂಪು, ಬಾವಿಗಳಿಗೆ ಮುಚ್ಚಳವಿರಲಿ.
4. ಕಡಲೆಬೀಜ, ಹುಣಸೆಬೀಜ, ಅಡಿಕೆ ಚೂರು ಕೈಗೆ ಸಿಗದಿರಲಿ. ಉಸಿರಿನ ಕೊಳವೆಗೆ ಸಿಕ್ಕಿದರೆ ಪ್ರಾಣಾಪಾಯ.
5. ಮಗುವನ್ನು ಅಂಗಾತ ಮಲಗಿಸಿ. ಮಂಚಕ್ಕಿಂತ ನೆಲದ ಚಾಪೆ ಮೇಲು, ದಿಂಬು ಬೇಲಿಯಲ್ಲ.
6. ಸ್ನಾನ ಮಾಡಿಸುವಾಗ ಕಿವಿ, ಮೂಗಿಗೆ ಎಣ್ಣೆ ಬಿಡಬಾರದು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಬೇಸಾಯದಿಂದ ದಡ್ಡುಗಟ್ಟಿದ ಅಂಗೈಗೆ ಬಿಸಿ ತಿಳಿಯುವುದಿಲ್ಲ.

ಕಾಯಿಲೆ, ಲಸಿಕೆ, ತೂಕ

ಭೇದಿಯಾದರೆ ಊಟ, ಎದೆಹಾಲು ನಿಲ್ಲಿಸಬೇಡಿ. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಬೆರೆಸಿ, ಪ್ರತಿ ಭೇದಿಯ ನಂತರ 50 ರಿಂದ 100 ಮಿಲಿ ಲೀಟರಿನಷ್ಟು ಚಮಚದಲ್ಲಿ ಕುಡಿಸಿ. 24 ಗಂಟೆಗಳ ಮೇಲೆ ಉಳಿದದ್ದನ್ನು ಚೆಲ್ಲಿ. ಆರೋಗ್ಯ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು 14 ದಿನ ತಪ್ಪದೆ ಕೊಡಿ. ಕಣ್ಣು ಗುಳಿ ಬಿದ್ದರೆ, ಮಗು ಮಂಕಾದರೆ, ಏನನ್ನೂ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ 108ಕ್ಕೆ ಫೋನು ಮಾಡಿ.

ತಾಯಿ ಕಾರ್ಡನ್ನು ಪಹಣಿಯಷ್ಟೇ ಜೋಪಾನವಾಗಿಡಿ. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸು ಮತ್ತು ‘ಎ’ ಅನ್ನಾಂಗದ ದ್ರಾವಣ ತಪ್ಪಿಸಬೇಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಸುಮಾರು ಮೂರರಷ್ಟು ಆಗಬೇಕು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಕೊಡುವ ಆಹಾರವನ್ನೂ ಕೇಳಿ ಪಡೆಯಿರಿ. ಅಲ್ಲಿ ಹೆಂಗಸರ ಸಾಲಿನಲ್ಲಿ ನಿಲ್ಲುವ ಗಂಡಸು ನೀವೊಬ್ಬರೇ ಆಗಿರಬಹುದು. ಎರಡನೆಯ ತಿಂಗಳಿಗೆ ಅದು ರೂಢಿಯಾಗುತ್ತದೆ.

ಊರವರ ಮಾತು

‘ಏನಪ್ಪಾ, ಹೆಂಡತಿ ಸ್ಕೂಲಿಗೆ, ನೀನು ಬಾಣಂತನಕ್ಕಾ?’ ಎಂದು ಡೇರಿಯ ಮುಂದೆ ನಗುವವರು ಇದ್ದೇ ಇರುತ್ತಾರೆ. ಜಗಳ ಬೇಡ. ಹಾಗೆ ನಕ್ಕ ಹಿರಿಯರೊಬ್ಬರು ಆರು ತಿಂಗಳ ಬಳಿಕ ತಮ್ಮ ಮೊಮ್ಮಗನಿಗೆ ಸರಿ ಹಿಟ್ಟು ಎಷ್ಟು ದಿನ ಮೊಳಕೆ ಕಟ್ಟಬೇಕೆಂದು ನನ್ನನ್ನೇ ಕೇಳಿದರು.

ಬೇಸರದ ದಿನಗಳೂ ಉಂಟು. ದೊಡ್ಡವರ ಜೊತೆ ಒಂದು ಮಾತಿಲ್ಲದೆ ಹಗಲು ಕಳೆಯುವುದು, ಯಾವುದಕ್ಕೆ ಅಳುತ್ತಿದೆ ಎಂದು ತಿಳಿಯದೆ ಕೈಚೆಲ್ಲುವುದು. ತಾಳ್ಮೆ ಮೀರಿತೆಂದು ಅನ್ನಿಸಿದರೆ ಮಗುವನ್ನು ಎಂದಿಗೂ ಅಲುಗಾಡಿಸಬೇಡಿ. ಸುರಕ್ಷಿತವಾಗಿ ಮಲಗಿಸಿ, ಬಾಗಿಲ ಬಳಿ ಎರಡು ನಿಮಿಷ ನಿಂತು ಮತ್ತೆ ಎತ್ತಿಕೊಳ್ಳಿ. ನಮ್ಮ ಮನೆಗಳ ಹೆಂಗಸರು ಇದನ್ನೆಲ್ಲ ಕೂಲಿ, ಕೊಟ್ಟಿಗೆ, ಒಲೆಗಳ ನಡುವೆ ಮಾಡಿದ್ದಾರೆಂಬುದು ಆಗ ಅರ್ಥವಾಗುತ್ತದೆ.

ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಆಕೆ ಶಾಲೆಯಲ್ಲಿ ಕೆಲಸದಲ್ಲಿದ್ದಾಳೆ. ನಾನು ಈ ಸಲ ಮತ್ತೆ ಅರ್ಧ ಎಕರೆಗೆ ಟೊಮೆಟೊ ಹಾಕಿದ್ದೇನೆ. ಬಿಟ್ಟ ಬೆಳೆಯನ್ನು ಮುಂದಿನ ಸಾಲಿನಲ್ಲಿ ಇಡಬಹುದು. ಮಗುವಿನ ಮೊದಲ ವರ್ಷಕ್ಕೆ ಮುಂದಿನ ಸಾಲು ಎಂಬುದಿಲ್ಲ. ನಿಮ್ಮ ಮನೆಗೆ ಈ ಸರದಿ ಬಂದಾಗ ಬಿತ್ತನೆಗೆ ಮೊದಲೇ ಗಂಡಹೆಂಡಿರು ಕುಳಿತು ಗಂಟೆಗಳ ಲೆಕ್ಕ ಹಾಕಿರಿ. ಅನಂತರ ಬೆಳೆ ಯಾವುದೆಂದು ತೀರ್ಮಾನಿಸಿರಿ.